ಅಕ್ಕನ ಮಗ ರ‍್ಯಾಪ್ ಕಟ್ಟುತ್ತಾನೆ!

ಕಳೆದ ದಸರಾಕ್ಕೆ ಮೈಸೂರಿಗೆ ಹೋದವಳು ಎಂದಿನಂತೆ ಲಷ್ಕರ್ ಮೊಹಲ್ಲಾದ ಅಕ್ಕನ ಮನೆಯಲ್ಲಿ ಇಳಿದುಕೊಂಡೆ. ಬಾಗಿಲಲ್ಲೇ ಅಕ್ಕ, "ಬಂದ್ಯಾ? ಮೊದಲು ತಾರಸಿಗೆ ಹೋಗಿ ನನ್ನ ರಜಾಯಿ ಇಳಿಸ್ಕೊಂಡು ಬಾ. ನಾನು ಕೇಳಿದ್ರೆ ಕೊಡಲ್ಲ, ಚಿಕ್ಕಮ್ಮ ಹೇಳಿದ್ರೆ ಕೇಳ್ತಾನೆ" ಎಂದಳು.

ಬ್ಯಾಗು ಕೆಳಗಿಟ್ಟು ಮೆಟ್ಟಿಲು ಹತ್ತಿದೆ. ನೀರಿನ ಟ್ಯಾಂಕಿನ ಪಕ್ಕದಲ್ಲಿ ಒಂದು ಪುಟ್ಟ ಕೋಣೆ. ವರ್ಷವಿಡೀ ಗೊಂಬೆ ಪೆಟ್ಟಿಗೆಗಳಿರುವ ಜಾಗ. ಗೊಂಬೆಗಳು ಹಜಾರಕ್ಕೆ ಇಳಿದಿದ್ದರಿಂದ ಈಗ ಅದು ಖಾಲಿ. ಅಲ್ಲಿ ನಾಲ್ಕು ಹುಡುಗರು! ಗೋಡೆಗೆ ಮೊಳೆ ಹೊಡೆದು ಅಕ್ಕನ ಎರಡು ರಜಾಯಿ, ಒಂದು ಕಂಬಳಿ ತೂಗುಹಾಕಿದ್ದಾರೆ. ಒಬ್ಬ ಖಾಲಿ ಡ್ರಮ್ಮಿನ ಮೇಲೆ ತಾಳ ಹಾಕುತ್ತಿದ್ದಾನೆ. ಅಕ್ಕನ ಮಗ ಮೊಬೈಲನ್ನು ಬಾಯಿಯ ಹತ್ತಿರ ಹಿಡಿದು ಉಸಿರು ಬಿಡದೆ ಏನೋ ಹೇಳುತ್ತಿದ್ದಾನೆ. ಮಂತ್ರವೋ, ಬೈಗುಳವೋ, ಹರಾಜು ಕೂಗುವುದೋ, ನನಗಂತೂ ತಿಳಿಯಲಿಲ್ಲ.

"ಇದು ರ‍್ಯಾಪು, ಚಿಕ್ಕಮ್ಮ. ಗೋಡೆ ಬರಿದಾಗಿದ್ರೆ ದನಿ ಗುಂಯ್ ಅನ್ನತ್ತೆ. ಅದಕ್ಕೇ ರಜಾಯಿ."

ಬರಿಗೈಯಲ್ಲಿ ಕೆಳಗಿಳಿದೆ. ಅಕ್ಕನ ಮುಖ ಇಷ್ಟು ದಪ್ಪವಾಯಿತು.

ನಿಮ್ಮ ಮನೆಯಲ್ಲೂ ಊಟದ ತಟ್ಟೆಯ ಮೇಲೆ ಬೆರಳಾಡಿಸುತ್ತಾ ಗೊಣಗುವ ಮಗನಿರಬಹುದು. ಇದು ಎಲ್ಲಿಂದ ಬಂತು ಎಂದು ಕೇಳಿದರೆ ನಿಮಗೆ ಸೋಜಿಗವಾದೀತು. 1973ರ ಆಗಸ್ಟ್ 11. ನ್ಯೂಯಾರ್ಕಿನ ಬ್ರಾಂಕ್ಸ್ ಎಂಬ ಬಡವರ ಬಡಾವಣೆ. ಸಿಂಡಿ ಕ್ಯಾಂಪ್‌ಬೆಲ್ ಎಂಬ ಹುಡುಗಿಗೆ ಶಾಲೆ ತೆರೆಯುವ ಮೊದಲು ಹೊಸ ಬಟ್ಟೆ ಬೇಕಿತ್ತು, ಕೈಯಲ್ಲಿ ಕಾಸಿರಲಿಲ್ಲ. ತಮ್ಮ ವಠಾರದ ಕೆಳಗಿನ ಹಾಲಿನಲ್ಲಿ ಒಂದು ಸಂತೋಷಕೂಟ ಏರ್ಪಡಿಸಿ, ಹುಡುಗಿಯರಿಗೆ 25 ಸೆಂಟ್, ಹುಡುಗರಿಗೆ 50 ಸೆಂಟ್ ಎಂದು ಟಿಕೆಟ್ ಇಟ್ಟಳು. ರೆಕಾರ್ಡು ಹಾಕಿದವನು ಅವಳ ಅಣ್ಣ ಕ್ಲೈವ್; ಜನ ಅವನನ್ನು ಕೂಲ್ ಹರ್ಕ್ ಎನ್ನುತ್ತಿದ್ದರು. ಹಾಡಿನ ನಡುವೆ ಬರೀ ತಾಳವಾದ್ಯ ಬರುವ ತುಣುಕನ್ನೇ ಮತ್ತೆ ಮತ್ತೆ ನುಡಿಸಿ ಜನರನ್ನು ಕುಣಿಸುವ ಉಪಾಯ ಅವನದು. ಹಿಪ್-ಹಾಪ್ ಹುಟ್ಟಿದ ದಿನವೆಂದು ಜಗತ್ತು ಇವತ್ತಿಗೂ ನೆನೆಯುವುದು ಅದನ್ನೇ. ನಮ್ಮ ಮೈಸೂರು ರಾಜ್ಯಕ್ಕೆ ಕರ್ನಾಟಕ ಎಂದು ಹೆಸರಾದದ್ದೂ ಅದೇ ವರ್ಷದ ನವೆಂಬರ್ 1ರಂದು!

1979ರಲ್ಲಿ 'ರ‍್ಯಾಪರ್ಸ್ ಡಿಲೈಟ್' ಎಂಬ ಧ್ವನಿಮುದ್ರಿಕೆ ಬಂದು ಊರೂರಿಗೆ ಈ ಹುಚ್ಚು ಹಬ್ಬಿತು. ಅದನ್ನು ಹೊರತಂದವರೂ ಒಬ್ಬ ಹೆಂಗಸು, ಸಿಲ್ವಿಯಾ ರಾಬಿನ್ಸನ್. ಹಾಡಿಗೆ ಆರಿಸಿದ ಮೂವರು ಹುಡುಗರಲ್ಲಿ ಒಬ್ಬ ಪಿಜ್ಜಾ ಅಂಗಡಿಯಲ್ಲಿ ಕೆಲಸಕ್ಕಿದ್ದವನು. ಗಂಡಸರ ಗದ್ದಲ ಎಂದುಕೊಂಡಿದ್ದರ ಹಿಂದೆ ಇಬ್ಬರು ಹೆಣ್ಣುಮಕ್ಕಳ ಲೆಕ್ಕಾಚಾರವಿದೆ ನೋಡಿ.

ನಮ್ಮ ಕಡೆಗೆ ಇದು ಸಿನಿಮಾ ಹಿಡಿದು ಬಂತು. 1994ರ ತಮಿಳು 'ಕಾದಲನ್' ಚಿತ್ರದ 'ಪೇಟೈ ರ‍್ಯಾಪ್' ನೆನಪಿದೆಯೇ? ಕುಣಿದವರು ಮೈಸೂರಿನಲ್ಲೇ ಹುಟ್ಟಿದ ಪ್ರಭುದೇವ, ಮೂಗೂರು ಸುಂದರ್ ಅವರ ಮಗ. ಆ ಹಾಡಿನ ದನಿಗಳಲ್ಲಿ ಒಂದು ತೇನಿ ಕುಂಜರಮ್ಮಾಳ್ ಎಂಬ ಜಾನಪದ ಗಾಯಕಿಯದು. ಆಮೇಲೆ ಕನ್ನಡದಲ್ಲಿ ಆಲ್ ಓಕೆ ಎಂದು ಹೆಸರಿಟ್ಟುಕೊಂಡ ಅಲೋಕ್, ರಾಹುಲ್ ಡಿಟ್ಟೋ, ಹಾಸನ ಜಿಲ್ಲೆ ಶಾಂತಿಗ್ರಾಮದ ಚಂದನ್ ಶೆಟ್ಟಿ ಬಂದರು. ಚಂದನ್ ಅವರು 2018ರಲ್ಲಿ ಬಿಗ್ ಬಾಸ್ ಗೆದ್ದ ಮೇಲೆ ರ‍್ಯಾಪ್ ಎಂಬ ಪದ ಅಡಿಗೆಮನೆಗೂ ಬಂತು. ಅವರ '3 ಪೆಗ್' ಹಾಡು ಬಂದಾಗ ತಾಯಂದಿರ ಎದೆ ಧಸಕ್ಕೆಂದದ್ದೂ ನಿಜ. ಹೆಣ್ಣುಮಕ್ಕಳೇನು ಹಿಂದೆ ಬಿದ್ದಿಲ್ಲ: ಬೆಂಗಳೂರಿನ ಸಿರಿ ಕನ್ನಡ ಇಂಗ್ಲಿಷ್ ಬೆರೆಸಿ ರ‍್ಯಾಪ್ ಹೇಳುತ್ತಾರೆ. 2019ರಲ್ಲಿ 'ಗಲ್ಲಿ ಬಾಯ್' ಹಿಂದಿ ಚಿತ್ರ ಬಂತು ನೋಡಿ, ಗಲ್ಲಿ ಗಲ್ಲಿಯ ಹುಡುಗರಿಗೂ ಧೈರ್ಯ ಬಂತು.

ಈಗ ನಮ್ಮ ತಾರಸಿಗೆ ಬರೋಣ. ಲಷ್ಕರ್ ಎಂದರೆ ದಂಡು. ಆ ಹೆಸರಿನ ಮೊಹಲ್ಲಾದಲ್ಲಿ ಅಶೋಕ ರಸ್ತೆಯ ಫಿಲೋಮಿನಾ ಚರ್ಚಿನ ಗಂಟೆ, ಮಸೀದಿಯ ಬಾಂಗು, ದೇವಸ್ಥಾನದ ಜಾಗಟೆ ಎಲ್ಲ ಒಂದೇ ಗಾಳಿಯಲ್ಲಿ ಕೇಳುತ್ತವೆ. ಆ ನಾಲ್ವರಲ್ಲಿ ಒಬ್ಬನ ಮನೆಮಾತು ದಖನಿ ಉರ್ದು, ಇನ್ನೊಬ್ಬನದು ತಮಿಳು. ಡ್ರಮ್ಮು ಬಡಿಯುವವನ ತಾತ ನಂಜನಗೂಡು ಕಡೆಯ ತಮಟೆಯವರು. ಕಟ್ಟುವುದು ಮಾತ್ರ ಕನ್ನಡದಲ್ಲಿ, ನಡುನಡುವೆ ಉಳಿದವು ಒಗ್ಗರಣೆಯಂತೆ. ತಂಡಕ್ಕೆ ಇನ್ನೂ ಹೆಸರಿಲ್ಲ. ಹೆಸರಿಗಾಗಿಯೇ ಮೂರು ವಾರದಿಂದ ಜಗಳ ನಡೆದಿದೆ.

ಕೆಲಸ ಹೇಗೆಂದರೆ, ಅಂತರ್ಜಾಲದಿಂದ ಒಂದು 'ಬೀಟ್' ಇಳಿಸಿಕೊಳ್ಳುತ್ತಾರೆ. ಅಭ್ಯಾಸಕ್ಕೆ ಪುಕ್ಕಟೆ, ಹಾಡು ಮಾರಬೇಕಾದರೆ ಬೀಟ್ ಕಟ್ಟಿದವನ ಒಪ್ಪಿಗೆ ಬೇಕು. ನಾಲ್ಕು ನಾಲ್ಕು ಎಣಿಕೆ, ಸಂಗೀತ ಕಲಿತವರು ಆದಿತಾಳದ ಅರ್ಧ ಎನ್ನಿ. ಅಂಥ 16 ಸುತ್ತಿಗೆ ಒಂದು ಪದ್ಯ. ಸುತ್ತ ನಿಂತು ಒಬ್ಬರಾದ ಮೇಲೊಬ್ಬರು ಅಲ್ಲೇ ಕಟ್ಟಿ ಹೇಳಿದರೆ ಅದಕ್ಕೆ ಸೈಫರ್ ಎಂದು ಹೆಸರು; ನಮ್ಮ ಅಂತ್ಯಾಕ್ಷರಿಯ ಸೋದರಸಂಬಂಧಿ. ಕನ್ನಡದಲ್ಲಿ ಬಂದೆ, ತಿಂದೆ, ನಿಂದೆ ಎಂದು ಸಾಲಿನ ಕೊನೆಗೆ ಪ್ರಾಸ ಸಿಕ್ಕುವುದು ಬಹಳ ಸುಲಭ. ಅಷ್ಟಕ್ಕೇ ನಿಂತವನು ಬೇಗ ಬೇಸರ ತರಿಸುತ್ತಾನೆ. ಸಾಲಿನ ಒಳಗೂ ಪ್ರಾಸ ಹೆಣೆಯುವವನೇ ಗಟ್ಟಿಗ. ಇದು ಅಕ್ಕನ ಮಗ ಹೇಳಿಕೊಟ್ಟದ್ದು. ಅಷ್ಟು ಹೊತ್ತಿಗೆ ನಾನು ಚುರುಮುರಿ ಕಲಸಿಕೊಂಡು ಮತ್ತೆ ಮೇಲೆ ಹೋಗಿದ್ದೆ!

ಮನಸ್ಸು ಕೆಟ್ಟದ್ದು ಆಯುಧಪೂಜೆಯ ಸಂಜೆ. ಗೊಂಬೆ ನೋಡಲು ಬಂದ ಎದುರುಮನೆಯಾಕೆ ಕುಂಕುಮ ತೆಗೆದುಕೊಳ್ಳುತ್ತಾ, "ನಿಮ್ಮ ಮಗನ ಹಾಡು ನಮ್ಮುಡುಗನ ಫೋನಲ್ಲಿ ಕೇಳಿದೆ ಕಣ್ರೀ. ಪಾಪ, ನಿಮಗೆ ಇಷ್ಟು ಕಷ್ಟ ಅಂತ ಗೊತ್ತೇ ಇರಲಿಲ್ಲ" ಅಂದರು. ಅಕ್ಕ ಬೆವತುಹೋದಳು.

ಅವನು ಹಾಡಿದ್ದು ಮನೆಯ ಕಥೆಯನ್ನೇ. 2020ರ ಲಾಕ್‌ಡೌನಿನಲ್ಲಿ ಭಾವನ ಅಂಗಡಿಯ ಬಾಗಿಲು ಇಳಿದದ್ದು, ಮತ್ತೆ ಏಳದ್ದು. ಅಮ್ಮ ರಾತ್ರಿ ಎಲ್ಲರೂ ಮಲಗಿದ ಮೇಲೆ ಸೀರೆಗೆ ಫಾಲ್ಸ್ ಹೊಲಿದು ಕಾಲೇಜಿನ ಫೀಸು ಕೂಡಿಸಿದ್ದು.

"ಹೊಟ್ಟೆ ಬಟ್ಟೆ ಕಟ್ಟಿ ಮರ್ಯಾದೆಯಿಂದ ಬದುಕಿದ್ವಿ. ಇವನು ಊರಿಗೆಲ್ಲ ಡಂಗುರ ಹೊಡೆದ" ಎಂದು ಅಕ್ಕ ಅತ್ತಳು. ಮಗ, "ಸುಳ್ಳು ಹೇಳಿಲ್ಲವಲ್ಲಮ್ಮ. ಕಾರು, ಚಿನ್ನದ ಸರ ಅಂತ ಹಾಡೋಕೆ ನಮ್ಮನೇಲಿ ಏನಿದೆ?" ಎಂದು ಎದ್ದುಹೋದ.

ನಾನು ಅಜ್ಜಿಯ ಮಾತೆತ್ತಿದೆ. ಅಜ್ಜಿ ರಾಗಿ ಬೀಸುವಾಗ ಅತ್ತೆಯ ಜಿಪುಣತನವನ್ನು ಪದ ಕಟ್ಟಿ ಹಾಡುತ್ತಿದ್ದರು. ಅತ್ತೆ ಪಕ್ಕದ ಕೋಣೆಯಲ್ಲೇ ಕೂತಿರುತ್ತಿದ್ದರು. ಬಾಯಿಬಿಟ್ಟು ಆಡಿದರೆ ಜಗಳ, ಕಲ್ಲಿನ ಸದ್ದಿಗೆ ಸೇರಿಸಿದರೆ ಪದ! ತಮಿಳಿನ ಅರಿವು ಎಂಬ ಯುವಕ 2021ರಲ್ಲಿ 'ಎಂಜಾಯ್ ಎಂಜಾಮಿ' ಎಂಬ ಹಾಡು ಬರೆದು, ಸಿಂಹಳದ ಟೀ ತೋಟದಲ್ಲಿ ದುಡಿದ ತನ್ನ ಅಜ್ಜಿಯನ್ನೇ ಲೋಕಕ್ಕೆ ತೋರಿಸಿದ್ದನ್ನೂ ಹೇಳಿದೆ.

"ಅಜ್ಜಿ ಹಾಡಿದ್ದು ನಾಲ್ಕು ಗೋಡೆ ಒಳಗೆ ಕಣೇ. ಅದೂ ಅವರ ಕಷ್ಟ, ಅವರೇ ಹಾಡಿದ್ರು. ಇವನು ನನ್ನ ಕಷ್ಟ ಹಾಡಿದ್ದಾನೆ, ನನ್ನ ಕೇಳಿದ್ನಾ?"

ನನ್ನ ಬಾಯಿ ಕಟ್ಟಿತು. ಮೇಲೆ ಹೋಗಿ ಅವನಿಗೆ ಅದನ್ನೇ ಹೇಳಿದೆ. ನಿನ್ನ ಪದ್ಯದಲ್ಲಿ ಯಾರಿದ್ದಾರೋ ಅವರಿಗೆ ಮೊದಲು ಕೇಳಿಸಬೇಕಪ್ಪಾ, ಆಮೇಲೆ ಊರಿಗೆ. ತಲೆ ತಗ್ಗಿಸಿದ.

ಮರುದಿನ ಜಂಬೂಸವಾರಿ ಮುಗಿಸಿ ಎಲ್ಲರೂ ಕಾಲು ನೋವೆಂದು ಕೂತಿದ್ದಾಗ ಅವನು ಮೊಬೈಲನ್ನು ಅಮ್ಮನ ಮುಂದಿಟ್ಟ. ಅಕ್ಕ ಸೆರಗಿನ ತುದಿ ಹಿಡಿದು ಕೊನೆಯವರೆಗೂ ಕೇಳಿದಳು. ಮತ್ತೊಂದು ಸಲ ಹಾಕು ಎಂದಳು.

"ಫಾಲ್ಸಿಗೆ 20 ಅಂದಿದ್ದೀಯಲ್ಲೋ, ಯಾವ ಕಾಲದಲ್ಲಿದ್ದೀಯ? ನಾನು 60 ತಗೋತೀನಿ."

ಅವನು ಬೆರಳು ಮಡಿಸಿ ಎಣಿಸಿದ. ಇಪ್ಪತ್ತು... ಅರವತ್ತು... "ತಾಳ ತಪ್ಪಲ್ಲ ಕಣಮ್ಮ, ತಿದ್ದಬಹುದು."

"ತಿದ್ದು ಹಾಗಾದ್ರೆ" ಎಂದು ಅಕ್ಕ ಒಳಗೆದ್ದು ಹೋದಳು. ಅಡಿಗೆಮನೆಯಿಂದ ಕೂಗಿದಳು, "ರಜಾಯಿ ಮಾತ್ರ ಚಳಿ ಬರೋದ್ರೊಳಗೆ ಕೆಳಗಿರಬೇಕು!"