ಸೆರಗು ನೋಡಿ ಸೀರೆ ಕೊಳ್ಳಬೇಡ, ಬಣ್ಣ ನೋಡಿ ಕಾರು ಕೊಳ್ಳಬೇಡ

‘ಕಾರು ತಗೊಳ್ತೀನಿ’ ಅಂದಾಗ ಅಪ್ಪ ಮಗ್ಗದಿಂದ ತಲೆ ಎತ್ತದೆ ಕೇಳಿದ್ದು ಒಂದೇ ಮಾತು: ‘ದಿನಾ ಉಡೋಕಾ, ಹಬ್ಬಕ್ಕೆ ಉಡೋಕಾ?’

ಮೊಳಕಾಲ್ಮುರಿನಲ್ಲಿ ರೇಷ್ಮೆ ಸೀರೆ ನೇಯುವವರ ಮನೆಯಲ್ಲಿ ಎಲ್ಲ ಲೆಕ್ಕವೂ ಸೀರೆಯಲ್ಲೇ. ನನಗೆ ಆಗ ನಗು ಬಂತು. ಆಮೇಲೆ ಎರಡು ತಿಂಗಳು ಆ ಪ್ರಶ್ನೆ ನನ್ನ ಬೆನ್ನು ಬಿಡಲಿಲ್ಲ.

ನನ್ನ ಕೆಲಸ ಚಳ್ಳಕೆರೆಯಲ್ಲಿ. ಒಂದು ದಿಕ್ಕಿಗೆ ಐವತ್ತು ಕಿಲೋಮೀಟರ್ ಮೀರಿದ ದಾರಿ. ಲೆಕ್ಕ ಮುಗಿಸಿ ಹೊರಡುವಷ್ಟರಲ್ಲಿ ಕತ್ತಲಾಗಿರುತ್ತೆ, ಬಸ್ಸು ತಪ್ಪಿದರೆ ಆ ರಾತ್ರಿ ಗೆಳತಿಯ ರೂಮೇ ಗತಿ. ಚಳ್ಳಕೆರೆಯಲ್ಲೇ ರೂಮು ಮಾಡು ಅಂತ ಆಫೀಸಿನಲ್ಲಿ ಎಲ್ಲರೂ ಹೇಳಿದರು. ಆದರೆ ಅಮ್ಮನ ಮಂಡಿ ನೋವು ಜಾಸ್ತಿಯಾಗಿದೆ. ಮನೆಯಲ್ಲಿ ಇರೋದು ಅವರಿಬ್ಬರೇ. ಹಾಗಾಗಿ ನಾನು ಮನೆಯಲ್ಲೇ ಉಳಿಯಬೇಕಾದರೆ ಬೆಳಿಗ್ಗೆ ಏಳಕ್ಕೆ ತಪ್ಪದೆ ಸ್ಟಾರ್ಟ್ ಆಗೋ ಕಾರು ಬೇಕಿತ್ತು.

ಇಷ್ಟೆಲ್ಲ ಗೊತ್ತಿದ್ದೂ ನಾನು ಹುಡುಕಿದ್ದು ‘ಮಜಾ ಕೊಡೋ’ ಕಾರನ್ನೇ. ಕಾಲೇಜಿನ ದಿನಗಳಿಂದ ಕಾರಿನ ಹುಚ್ಚು. ನಾಲ್ಕು ವರ್ಷದ ಉಳಿತಾಯ ನಾಲ್ಕೂವರೆ ಲಕ್ಷ. ಆ ದುಡ್ಡಿಗೆ ಹೊಸದರಲ್ಲಿ ಸಿಗೋದು ಸಾದಾ ಕಾರು. ಸೆಕೆಂಡ್ ಹ್ಯಾಂಡ್‌ನಲ್ಲಾದರೆ ಕನಸಿನ ಹೆಸರುಗಳೇ ಸಿಗುತ್ತವೆ.

ಹಬ್ಬದ ಸೀರೆಗಳ ಪಟ್ಟಿ

ಮೊದಲ ಹೆಸರು ಫೋಕ್ಸ್‌ವ್ಯಾಗನ್ ಪೋಲೋ ಜಿಟಿ ಟಿಎಸ್‌ಐ. 2013ರಲ್ಲಿ ಬಂದ ಈ ಕಾರಿಗೆ 1.2 ಲೀಟರ್ ಟರ್ಬೊ ಪೆಟ್ರೋಲ್ ಎಂಜಿನ್, 105 ಪಿಎಸ್ ಶಕ್ತಿ, 7 ಗೇರಿನ ಡಿಎಸ್‌ಜಿ ಆಟೊಮ್ಯಾಟಿಕ್. ಓಡಿಸಿದವರು ಮರೆಯಲ್ಲ. ಆದರೆ ಒಣ ಕ್ಲಚ್ ಇರುವ ಇಂಥ ಗೇರ್‌ಬಾಕ್ಸ್‌ಗೆ ನಿಂತು-ನಿಂತು ಹೋಗುವ ಟ್ರಾಫಿಕ್ಕಿನ ಬಿಸಿ ಆಗಿಬರಲ್ಲ. ರಿಪೇರಿಗೆ ಬಂದರೆ ಬಿಲ್ಲು ಲಕ್ಷದ ಕಡೆ ನೋಡುತ್ತೆ. ಭಾರತದಲ್ಲಿ ಪೋಲೋ ತಯಾರಿಕೆ 2022ರಲ್ಲಿ ನಿಂತಿದೆ.

ಎರಡನೆಯದು ಫಿಯೆಟ್‌ನ ಅಬಾರ್ತ್ ಪುಂಟೋ, 2015ರದು. 1.4 ಟರ್ಬೊ, 145 ಪಿಎಸ್. ಆ ಬೆಲೆಗೆ ಅಷ್ಟು ಶಕ್ತಿ ಬೇರೆ ಯಾರೂ ಕೊಡುತ್ತಿರಲಿಲ್ಲ. ಆದರೆ ಸಾಮಾನ್ಯ ಪುಂಟೋಗಿಂತ ನೆಲಕ್ಕೆ ಹತ್ತಿರ, 16 ಇಂಚಿನ ಚಕ್ರ, ತೆಳು ಟೈರು. ನಮ್ಮೂರಿನ ಹಂಪ್ ಹತ್ತಿದರೆ ಹೊಟ್ಟೆ ಉಜ್ಜುವುದು ಖಂಡಿತ. ಫಿಯೆಟ್ ಕಾರುಗಳು ಇಲ್ಲಿನ ಮಾರುಕಟ್ಟೆಯಿಂದಲೇ ಹೋಗಿವೆ.

ಮೂರನೆಯದು ಮಾರುತಿಯ ಬಲೆನೊ ಆರ್‌ಎಸ್, 2017ರಲ್ಲಿ ಬಂದದ್ದು. 1 ಲೀಟರ್ ಬೂಸ್ಟರ್‌ಜೆಟ್, 102 ಪಿಎಸ್. ಮಾರುತಿ ಅಂದರೆ ಸರ್ವಿಸ್ ಎಲ್ಲೆಡೆ ಸಿಗುತ್ತೆ. ಆದರೆ ಇದರ ಎಂಜಿನ್ ಆಮದಿನದ್ದು, ಮಾರಾಟವಾದದ್ದೂ ಕಡಿಮೆ.

ನಾಲ್ಕನೆಯದು ಫೋರ್ಡ್ ಫಿಗೋ 1.5 ಡೀಸೆಲ್. 100 ಪಿಎಸ್, 215 ಎನ್‌ಎಂ ಟಾರ್ಕ್. ನೋಡೋಕೆ ಪಾಪದ ಕಾರು, ಆಕ್ಸಿಲರೇಟರ್ ಒತ್ತಿದರೆ ಬೇರೆಯೇ ಕಥೆ. ಭಾರತದಲ್ಲಿ ತಯಾರಿಕೆ ನಿಲ್ಲಿಸುವುದಾಗಿ ಫೋರ್ಡ್ 2021ರ ಸೆಪ್ಟೆಂಬರ್‌ನಲ್ಲಿ ಹೇಳಿತು, ಸರ್ವಿಸ್ ಮತ್ತು ಬಿಡಿಭಾಗ ಮುಂದುವರಿಸುವುದಾಗಿಯೂ ಹೇಳಿತು.

ಬೆಂಗಳೂರಿನ ಕೆಂಪು ಪೋಲೋ

ಒಂದು ಭಾನುವಾರ ಬೆಂಗಳೂರಿಗೆ ಹೋದೆ. ಕೆಂಪು ಪೋಲೋ, ಮೀಟರ್ 61 ಸಾವಿರ. ‘ಸಿಂಗಲ್ ಓನರ್ ಮೇಡಂ, ಡಾಕ್ಟರ್ ಗಾಡಿ’ ಅಂದ ಡೀಲರ್. ಓಡಿಸಿ ನೋಡಿದೆ. ಕೈ ನಡುಗಿತು, ಖುಷಿಗೆ. ಅಲ್ಲೇ ಅಡ್ವಾನ್ಸ್ ಕೊಡೋಕೆ ಫೋನ್ ತೆಗೆದಿದ್ದೆ.

ಅಪ್ಪನಿಗೆ ವಿಡಿಯೊ ಕಾಲ್ ಮಾಡಿದೆ. ಅಪ್ಪ ಹೇಳಿದರು: ‘ಚೆಂದ ಐತವ್ವ. ಒಳಮೈ ನೋಡಿದ್ಯಾ? ಸೀರೆ ಗೊತ್ತಿರೋರು ಸೆರಗು ನೋಡಲ್ಲ, ತಿರುವಿ ಹಿಂಬದಿ ನೋಡ್ತಾರೆ. ಎಳೆ ಎಲ್ಲಿ ಕಡಿದೈತೆ, ಎಲ್ಲಿ ಗಂಟು ಹಾಕಿದ್ದಾರೆ ಅನ್ನೋದು ಅಲ್ಲೇ ಕಾಣೋದು.’

ಸರ್ವಿಸ್ ದಾಖಲೆ ಕೇಳಿದೆ. ‘ಪುಸ್ತಕ ಕಳೆದುಹೋಗಿದೆ’ ಅಂದ. ಗಾಡಿ ನಂಬರ್ ಹಿಡಿದು ಪರಿಚಯದವರ ಮೂಲಕ ಹಳೆಯ ಸರ್ವಿಸ್ ವಿವರ ತೆಗೆಸಿದೆ. ಮೂರು ವರ್ಷದ ಹಿಂದೆಯೇ 88 ಸಾವಿರ ಓಡಿತ್ತು! ಮೀಟರ್ ಹಿಂದಕ್ಕೆ ತಿರುಗಿಸಿದ್ದರು. ವಾಪಸ್ ಬರುವಾಗ ಬಸ್ಸಿನಲ್ಲಿ ಅಳು ಬಂತು. ನಾಲ್ಕು ವರ್ಷದ ದುಡ್ಡು, ಒಂದು ಒತ್ತುವಿಕೆಯಲ್ಲಿ ಹೋಗುತ್ತಿತ್ತು.

ಹಾಳೆ ಮೇಲೆ ಬರೆದ ಲೆಕ್ಕ

ಆ ರಾತ್ರಿ ಕೂತು ಲೆಕ್ಕ ಹಾಕಿದೆ. ನೀವೂ ಹಾಕಿ, ಕಾರು ನೋಡೋಕೆ ಹೋಗುವ ಮೊದಲೇ ಹಾಕಿ.

ದಿನಕ್ಕೆ 100 ಕಿ.ಮೀ., ತಿಂಗಳಿಗೆ 25 ದಿನ ಅಂದರೆ 2,500 ಕಿ.ಮೀ. ಇಂಧನ ಲೀಟರ್‌ಗೆ 100 ರೂಪಾಯಿ ಅಂತ ಸುಲಭಕ್ಕೆ ಹಿಡಿಯಿರಿ. ಖುಷಿಯಾಗಿ ಓಡಿಸಿದ ಟರ್ಬೊ ಪೆಟ್ರೋಲ್ ಕಾರು 12.5 ಕೊಟ್ಟರೆ 200 ಲೀಟರ್, ತಿಂಗಳಿಗೆ 20,000 ರೂಪಾಯಿ. ಡೀಸೆಲ್ 20 ಕೊಟ್ಟರೆ 125 ಲೀಟರ್, 12,500 ರೂಪಾಯಿ. ವ್ಯತ್ಯಾಸ ತಿಂಗಳಿಗೆ 7,500, ವರ್ಷಕ್ಕೆ 90,000. ದಿನಕ್ಕೆ ಹದಿನೈದು ಕಿಲೋಮೀಟರ್ ಓಡಿಸುವವರಿಗೆ ಈ ಲೆಕ್ಕ ಬೇರೆಯೇ ಬರುತ್ತೆ, ಅವರು ಪೆಟ್ರೋಲೇ ತಗೊಳ್ಳಲಿ. ಹಳೆಯ ಪೆಟ್ರೋಲ್ ಕಾರಾದರೆ ಇನ್ನೊಂದು ಮಾತು: ಈಗ ಬಂಕಿನಲ್ಲಿ ಬರುವುದು ಶೇ 20 ಎಥೆನಾಲ್ ಬೆರೆತ ಪೆಟ್ರೋಲ್. ಮೈಲೇಜ್ ಸ್ವಲ್ಪ ಇಳಿಯುತ್ತೆ, ಹಳೆಯ ರಬ್ಬರ್ ಪೈಪುಗಳ ಮೇಲೂ ಕಣ್ಣಿಡಬೇಕು.

ನಮ್ಮ ದಾರಿಯನ್ನೂ ಲೆಕ್ಕಕ್ಕೆ ಹಿಡಿದೆ. ರಾಷ್ಟ್ರೀಯ ಹೆದ್ದಾರಿ 150ಎ ಚೆನ್ನಾಗಿದೆ. ಹೆದ್ದಾರಿ ಬಿಟ್ಟ ಮೇಲೆ ಹಂಪು, ಜಾಲಿ ಮುಳ್ಳು, ಸಂಜೆ ಹೊತ್ತು ರಸ್ತೆ ತುಂಬ ಕುರಿ ಮಂದೆ, ಶೇಂಗಾ ಹೊತ್ತು ಹಿಂದೆ ಲೈಟೇ ಇಲ್ಲದೆ ಹೋಗುವ ಟ್ರ್ಯಾಕ್ಟರ್. ಬೇಸಿಗೆಯ ಬಿಸಿಲು ಹೇಳೋದೇ ಬೇಡ. ಇಲ್ಲಿ 145 ಪಿಎಸ್‌ಗಿಂತ ಒಳ್ಳೆ ಬ್ರೇಕು, ಎಸಿ, ಹೆಡ್‌ಲೈಟು ಹೆಚ್ಚು ಬೆಲೆಬಾಳುತ್ತೆ.

ತಿರುವಿ ನೋಡೋದು ಹೇಗೆ?

ಕೊನೆಗೆ ದಾವಣಗೆರೆಯಲ್ಲಿ ಬಿಳಿ ಫಿಗೋ ಸಿಕ್ಕಿತು, 2017ರ ಮಾಡೆಲ್. ಜೊತೆಗೆ ನಮ್ಮೂರ ಮೆಕ್ಯಾನಿಕ್ ಅಣ್ಣನನ್ನು ಕರೆದುಕೊಂಡು ಹೋದೆ. ಅವರ ದಿನದ ಕೂಲಿ ಕೊಟ್ಟದ್ದು ನಾನು ಮಾಡಿದ ಅತಿ ಒಳ್ಳೆಯ ಖರ್ಚು. ಅವರು ನೋಡಿದ ಕ್ರಮ ಹೀಗಿತ್ತು:

ಮೊದಲು ಬಾನೆಟ್ ಮುಟ್ಟಿದರು. ತಣ್ಣಗಿದ್ದರೆ ಸರಿ. ಬಿಸಿ ಇದ್ದರೆ ಸ್ಟಾರ್ಟಿಂಗ್ ತೊಂದರೆ ಮುಚ್ಚಲು ಮೊದಲೇ ಓಡಿಸಿರಬಹುದು.

ಟೈರಿನ ಪಕ್ಕದ ನಾಲ್ಕು ಅಂಕಿ ಓದಿದರು. 2319 ಅಂದರೆ 2019ರ 23ನೇ ವಾರದ್ದು. ಗುಂಡಿ ಚೆನ್ನಾಗಿದ್ದರೂ ಆರು ವರ್ಷ ದಾಟಿದ ಟೈರನ್ನು ದಿನಾ ಹೆದ್ದಾರಿಗೆ ನಂಬಬೇಡಿ.

ಬಾಗಿಲಿನ ರಬ್ಬರ್ ಸರಿಸಿ ವೆಲ್ಡಿಂಗ್ ಗುರುತು ನೋಡಿದರು, ಸ್ಟೆಪ್ನಿ ಗುಂಡಿಯಲ್ಲಿ ತುಕ್ಕು ನೋಡಿದರು. ಆಮೇಲೆ ಗಾಡಿ ಎತ್ತಿಸಿ ಅಡಿಯಿಂದ ನೋಡಿದರು.

ಕೊನೆಗೆ ಕೇಳಿದರು: ‘ರೀಮ್ಯಾಪ್ ಮಾಡಿಸಿದ್ರಾ? ಸ್ಪ್ರಿಂಗ್ ಕತ್ತರಿಸಿದ್ರಾ?’ ಹುಚ್ಚಿನ ಕಾರುಗಳಲ್ಲಿ ಇದೇ ದೊಡ್ಡ ಅಪಾಯ. ಹಿಂದಿನವರು ಶಕ್ತಿ ಹೆಚ್ಚಿಸಿಕೊಂಡು ಮಜಾ ಮಾಡಿರುತ್ತಾರೆ, ಕ್ಲಚ್ಚು, ಟರ್ಬೊ ಸವೆದ ಬಿಲ್ಲು ನಮಗೆ ಬರುತ್ತೆ. ಮಾರ್ಪಾಡು ತಿಳಿಸದಿದ್ದರೆ ವಿಮೆ ಕ್ಲೇಮಿಗೂ ತಕರಾರು.

ಕಾಗದದ ಒಳಮೈ

ಎಂಪರಿವಾಹನ್ ಆ್ಯಪ್‌ನಲ್ಲಿ ನಂಬರ್ ಹಾಕಿ ಎಷ್ಟನೇ ಓನರ್, ವಿಮೆ ಎಲ್ಲಿವರೆಗೆ, ಸಾಲ ಇದೆಯಾ ನೋಡಿ. ಸಾಲ ತೀರಿದ್ದರೂ ಆರ್‌ಸಿಯಲ್ಲಿ ಬ್ಯಾಂಕಿನ ಹೆಸರು ಉಳಿದಿದ್ದರೆ ಬ್ಯಾಂಕಿನ ಎನ್‌ಒಸಿ, ಫಾರಂ 35 ಬೇಕು. ಹೆಸರು ವರ್ಗಾವಣೆಗೆ ಫಾರಂ 29 ಮತ್ತು 30. ವಿಮೆಯನ್ನು 14 ದಿನದೊಳಗೆ ನಿಮ್ಮ ಹೆಸರಿಗೆ ಮಾಡಿಸಿ. ಹಳೆಯ ಓನರ್‌ನ ನೋ ಕ್ಲೇಮ್ ಬೋನಸ್ ಅವರ ಜೊತೆಗೇ ಹೋಗುತ್ತೆ, ಕಾರಿನ ಜೊತೆ ಬರಲ್ಲ.

ನಮ್ಮ ಕಡೆಯವರಿಗೆ ಒಂದು ವಿಶೇಷ ಎಚ್ಚರಿಕೆ. ಪಕ್ಕದ ರಾಯದುರ್ಗದಿಂದ ಆಂಧ್ರ ನಂಬರಿನ ಕಾರು ಅಗ್ಗಕ್ಕೆ ಸಿಗುತ್ತೆ. ಅದಕ್ಕೆ ಅಲ್ಲಿನ ಆರ್‌ಟಿಒದಿಂದ ಫಾರಂ 28ರ ಎನ್‌ಒಸಿ ತಂದು, ಕರ್ನಾಟಕದ ಜೀವಾವಧಿ ತೆರಿಗೆ ಕಟ್ಟಿ ಕೆಎ 16 ಮಾಡಿಸುವಷ್ಟರಲ್ಲಿ ಅಗ್ಗದ ಮಾತು ಮರೆತುಹೋಗಿರುತ್ತೆ.

ಈಗ

ಫಿಗೋ ಮೂರು ಲಕ್ಷದ ಎಂಬತ್ತು ಸಾವಿರಕ್ಕೆ ಬಂತು. ಉಳಿದ ದುಡ್ಡು ಮುಟ್ಟದೆ ಇಟ್ಟಿದ್ದೆ. ಮೊದಲ ತಿಂಗಳಲ್ಲೇ ಟೈಮಿಂಗ್ ಬೆಲ್ಟ್, ನಾಲ್ಕು ಟೈರು, ಬ್ಯಾಟರಿ, ಬ್ರೇಕ್ ಆಯಿಲ್ ಬದಲಾಯಿತು. ಹಳೆಯ ಕಾರು ಕೊಳ್ಳುವವರು ಬೆಲೆಯ ಹತ್ತರಿಂದ ಹದಿನೈದು ಪರ್ಸೆಂಟ್ ಹೀಗೆ ಎತ್ತಿಡಲೇಬೇಕು. ಇಡೋಕೆ ಆಗದಿದ್ದರೆ ಇನ್ನೂ ಅಗ್ಗದ ಕಾರು ನೋಡಿ.

ಆರು ತಿಂಗಳಾಯಿತು. ಒಂದು ಬೆಳಿಗ್ಗೆಯೂ ಕೈಕೊಟ್ಟಿಲ್ಲ. ಮಜಾ ಇಲ್ಲವಾ ಅಂತ ಕೇಳಬೇಡಿ. ಹೆದ್ದಾರಿಯಲ್ಲಿ ಲಾರಿ ದಾಟಿಸಲು ಮೂರನೇ ಗೇರಿಗೆ ಇಳಿಸಿ ಒತ್ತಿದಾಗ ಬೆನ್ನು ಸೀಟಿಗೆ ಅಂಟುತ್ತೆ, ಈಗಲೂ ಒಬ್ಬಳೇ ನಗ್ತೀನಿ. ಕೆಂಪು ಪೋಲೋ ಕಂಡರೆ ತಿರುಗಿ ನೋಡ್ತೀನಿ, ಅದು ಸುಳ್ಳಲ್ಲ.

ಮೊನ್ನೆ ಅಮ್ಮನನ್ನು ಬಳ್ಳಾರಿಗೆ ಡಾಕ್ಟರ್ ಹತ್ತಿರ ಕರೆದುಕೊಂಡು ಹೋಗಿ ರಾತ್ರಿ ಒಂಬತ್ತಕ್ಕೆ ಮನೆ ಮುಟ್ಟಿದೆವು. ಅಪ್ಪ ಹೊರಗೆ ಬಂದು ಕಾರಿನ ಸುತ್ತ ಒಂದು ಸುತ್ತು ಹಾಕಿ, ಬಗ್ಗಿ ಅಡಿ ನೋಡಿದರು.

‘ಒಗೆದು ಉಡಬಹುದು ಬಿಡವ್ವ’ ಅಂದರು.