ಮಿದುಳಿನ ಆಳಕ್ಕೆ ಅಳತೆಯ ದಾರಿ

ಹೊಟ್ಟೆಯ ಶಸ್ತ್ರಚಿಕಿತ್ಸೆಯಲ್ಲಿ ವೈದ್ಯರು ಕರುಳನ್ನು ಪಕ್ಕಕ್ಕೆ ಸರಿಸಿ, ರೋಗ ತಗುಲಿದ ಭಾಗವನ್ನು ಕಣ್ಣಾರೆ ಕಂಡು ಕೆಲಸ ಮಾಡಬಹುದು. ಮಿದುಳಿನಲ್ಲಿ ಈ ಅನುಕೂಲವಿಲ್ಲ. ಅದರ ಮೇಲ್ಪದರದಲ್ಲಿ ಮಾತು, ದೃಷ್ಟಿ, ಕೈಕಾಲುಗಳ ಚಲನೆ ಮೊದಲಾದವುಗಳ ನೆಲೆಗಳಿವೆ. ಐದಾರು ಸೆಂಟಿಮೀಟರ್ ಆಳದಲ್ಲಿರುವ ಒಂದು ಸಣ್ಣ ಗೆಡ್ಡೆಯನ್ನು ತಲುಪುವುದಕ್ಕಾಗಿ ಆ ಪದರಗಳನ್ನು ಸೀಳಿ ಅಗಲಿಸಿದರೆ, ಗೆಡ್ಡೆ ಸಿಕ್ಕರೂ ರೋಗಿಗೆ ಮಾತೋ ನಡಿಗೆಯೋ ಉಳಿಯದೆ ಹೋಗಬಹುದು. ಆದ್ದರಿಂದ ತಲೆಬುರುಡೆಯಲ್ಲಿ ಒಂದು ಕಿರಿದಾದ ರಂಧ್ರ ಕೊರೆದು, ಅದರ ಮೂಲಕ ತೆಳುವಾದ ಸೂಜಿಯನ್ನೋ ತಂತಿಯನ್ನೋ ಇಳಿಸಿ, ಕಣ್ಣಿಗೆ ಕಾಣದ ಗುರಿಯನ್ನು ಕೇವಲ ಅಳತೆಯ ಬಲದಿಂದ ಮುಟ್ಟುವ ವಿಧಾನವೊಂದು ಕಳೆದ ಶತಮಾನದಲ್ಲಿ ರೂಪುಗೊಂಡಿತು. ಇದನ್ನು ಸ್ಟೀರಿಯೋಟ್ಯಾಕ್ಟಿಕ್ ಶಸ್ತ್ರಚಿಕಿತ್ಸೆ ಎಂದು ಕರೆಯುತ್ತಾರೆ. ಇಲ್ಲಿ ಸಾಧನ ಎಲ್ಲಿಗೆ ಹೋಗಬೇಕೆಂಬುದನ್ನು ವೈದ್ಯರ ಕೈಚಳಕಕ್ಕಿಂತ ಹೆಚ್ಚಾಗಿ ರೇಖಾಗಣಿತ ನಿರ್ಧರಿಸುತ್ತದೆ, ಮತ್ತು ಈ ಶಾಸ್ತ್ರದ ಇಡೀ ಚರಿತ್ರೆಯು ಆ ಅಳತೆಯನ್ನು ಯಾವುದಕ್ಕೆ ಹೋಲಿಸಿ ಮಾಡಬೇಕು ಎಂಬ ಒಂದೇ ಪ್ರಶ್ನೆಯ ಸುತ್ತ ಬೆಳೆದಿದೆ.

ಒಂದು ಕೋಣೆಯಲ್ಲಿರುವ ಯಾವುದೇ ಬಿಂದುವನ್ನು ಮೂರು ಸಂಖ್ಯೆಗಳಿಂದ ಗುರುತಿಸಬಹುದೆಂಬುದು ಶಾಲೆಯ ಗಣಿತದಲ್ಲೇ ಬರುವ ವಿಷಯ: ಎಡಬಲ ಎಷ್ಟು, ಹಿಂದೆಮುಂದೆ ಎಷ್ಟು, ಮೇಲೆಕೆಳಗೆ ಎಷ್ಟು. ಇವನ್ನು ನಿರ್ದೇಶಾಂಕಗಳು ಎನ್ನುತ್ತಾರೆ. ಇದೇ ತತ್ತ್ವವನ್ನು ತಲೆಬುರುಡೆಯ ಒಳಗಿನ ಅವಕಾಶಕ್ಕೆ ಅನ್ವಯಿಸಿದವರು ಲಂಡನ್ನಿನ ಶಸ್ತ್ರವೈದ್ಯ ವಿಕ್ಟರ್ ಹಾರ್ಸ್ಲಿ ಮತ್ತು ಅವರ ಸಹೋದ್ಯೋಗಿ ರಾಬರ್ಟ್ ಕ್ಲಾರ್ಕ್. ಕಿರುಮಿದುಳಿನ ಒಳಭಾಗದ ಕೆಲಸವೇನೆಂದು ತಿಳಿಯಲು, ಸುತ್ತಲಿನ ಅಂಗಾಂಶಕ್ಕೆ ಹಾನಿಯಾಗದಂತೆ ಅಲ್ಲಿಗೆ ವಿದ್ಯುತ್ ಸೂಜಿಯೊಂದನ್ನು ಇಳಿಸುವ ಅಗತ್ಯ ಅವರಿಗಿತ್ತು. ಅದಕ್ಕಾಗಿ ಅವರು ಕೋತಿಯ ತಲೆಗೆ ಬಿಗಿಯುವ ಲೋಹದ ಚೌಕಟ್ಟೊಂದನ್ನು ರೂಪಿಸಿ, ಕಿವಿಯ ರಂಧ್ರಗಳನ್ನೂ ಕಣ್ಣುಗೂಡಿನ ಕೆಳಅಂಚನ್ನೂ ಆಧಾರವಾಗಿಟ್ಟುಕೊಂಡು, ಮೂರು ಅಕ್ಷಗಳ ಅಳತೆಯಿಂದ ಸೂಜಿಯನ್ನು ನಡೆಸಿದರು; ಆ ಕ್ರಮದ ವಿವರವಾದ ಪ್ರಬಂಧ 1908ರಲ್ಲಿ ಪ್ರಕಟವಾಯಿತು. ಪ್ರಯೋಗಾಲಯಗಳಲ್ಲಿ ಇಂದಿಗೂ ಇಲಿ, ಬೆಕ್ಕುಗಳ ಮಿದುಳಿನ ಅಧ್ಯಯನಕ್ಕೆ ಬಳಸುವ ಚೌಕಟ್ಟುಗಳು ಬಹುಮಟ್ಟಿಗೆ ಅದರ ಸಂತತಿಯೇ ಆಗಿವೆ.

ಆದರೂ ಈ ಉಪಕರಣ ಮನುಷ್ಯರ ಚಿಕಿತ್ಸೆಗೆ ಬರಲು ಸುಮಾರು ನಾಲ್ಕು ದಶಕಗಳೇ ಹಿಡಿದವು, ಮತ್ತು ಈ ವಿಳಂಬಕ್ಕೆ ಗಟ್ಟಿಯಾದ ಕಾರಣವಿತ್ತು. ಒಂದು ಜಾತಿಯ ಪ್ರಾಣಿಗಳಲ್ಲಿ ತಲೆಬುರುಡೆಯ ಗುರುತುಗಳಿಗೂ ಮಿದುಳಿನ ಭಾಗಗಳಿಗೂ ಇರುವ ಅಂತರ ಹೆಚ್ಚುಕಡಿಮೆ ಸ್ಥಿರವಾಗಿರುತ್ತದೆ; ಮನುಷ್ಯರಲ್ಲಿ ತಲೆಯ ಆಕಾರವೂ ಗಾತ್ರವೂ ವ್ಯಕ್ತಿಯಿಂದ ವ್ಯಕ್ತಿಗೆ ಎಷ್ಟು ಬದಲಾಗುತ್ತವೆಂದರೆ, ಕಿವಿಯಿಂದ ಅಳೆದು ಹೊರಟ ಸೂಜಿ ಗುರಿಯನ್ನು ಹಲವು ಮಿಲಿಮೀಟರುಗಳಷ್ಟು ತಪ್ಪಬಹುದು. ಮೂಳೆಯನ್ನು ನಂಬಿ ಅಳೆಯುವುದು ಸಾಕಾಗದು, ಮಿದುಳಿನ ಒಳಗೇ ಇರುವ ಯಾವುದಾದರೂ ಗುರುತಿನಿಂದ ಅಳೆಯಬೇಕು ಎಂಬ ಅರಿವೇ ಮುಂದಿನ ಬಾಗಿಲನ್ನು ತೆರೆಯಿತು.

ಫಿಲಡೆಲ್ಫಿಯಾದ ಟೆಂಪಲ್ ವಿಶ್ವವಿದ್ಯಾಲಯದಲ್ಲಿದ್ದ ನರವಿಜ್ಞಾನಿ ಅರ್ನ್ಸ್ಟ್ ಸ್ಪೀಗೆಲ್ ಮತ್ತು ಶಸ್ತ್ರವೈದ್ಯ ಹೆನ್ರಿ ವೈಸಿಸ್ 1947ರಲ್ಲಿ ಮನುಷ್ಯರಿಗಾಗಿ ಮಾಡಿದ ಚೌಕಟ್ಟನ್ನು ಪ್ರಕಟಿಸಿದರು. ಆ ಕಾಲದಲ್ಲಿ ಮನೋರೋಗಿಗಳ ಮಿದುಳಿನ ಮುಂಭಾಗದ ನರತಂತುಗಳನ್ನು ಒರಟಾಗಿ ಕತ್ತರಿಸುವ ಲೋಬೋಟಮಿ ಎಂಬ ಶಸ್ತ್ರಕ್ರಿಯೆ ವ್ಯಾಪಕವಾಗಿತ್ತು. ಅಷ್ಟು ದೊಡ್ಡ ಗಾಯ ಮಾಡದೆ, ಆಳದಲ್ಲಿ ಒಂದು ಚಿಕ್ಕ ಜಾಗವನ್ನು ಮಾತ್ರ ನಿಷ್ಕ್ರಿಯಗೊಳಿಸುವ ದಾರಿ ಹುಡುಕುವುದು ಅವರ ಉದ್ದೇಶವಾಗಿತ್ತು. ಅಳತೆಗೆ ಬೇಕಾದ ಗುರುತನ್ನು ಅವರು ಮಿದುಳಿನ ಒಳಗೇ ಹುಡುಕಿದರು. ಅದರ ನಡುವೆ ದ್ರವ ತುಂಬಿದ ಕುಹರಗಳೆಂಬ ಪೊಳ್ಳುಗಳಿವೆ. ಸಾಮಾನ್ಯ ಎಕ್ಸ್‌ರೇಯಲ್ಲಿ ಮಿದುಳು ಕಾಣುವುದಿಲ್ಲವಾದರೂ, ಆ ದ್ರವವನ್ನು ಸ್ವಲ್ಪ ತೆಗೆದು ಅಲ್ಲಿಗೆ ಗಾಳಿಯನ್ನು ಸೇರಿಸಿದರೆ ಕುಹರಗಳ ಆಕಾರ ಚಿತ್ರದಲ್ಲಿ ಮೂಡುತ್ತದೆ. ರೋಗಿಗೆ ತೀವ್ರ ತಲೆನೋವು ತರುತ್ತಿದ್ದ ಈ ಪರೀಕ್ಷೆಯೇ ಆಗ ಮಿದುಳಿನೊಳಗಿನ ಗುರುತುಗಳನ್ನು ಕಾಣಲು ಇದ್ದ ಮುಖ್ಯ ಉಪಾಯ. ಪ್ಯಾರಿಸ್ಸಿನ ಜ್ಯಾನ್ ತಲೈರಾಕ್ ಇನ್ನೂ ಮುಂದೆ ಹೋಗಿ, ಮೂರನೆಯ ಕುಹರದ ಮುಂದೆ ಮತ್ತು ಹಿಂದೆ ಮಿದುಳಿನ ಎರಡು ಅರ್ಧಗಳನ್ನು ಜೋಡಿಸುವ ಎರಡು ಸಣ್ಣ ನರಸೇತುವೆಗಳನ್ನು ಕೂಡಿಸುವ ಸರಳರೇಖೆಯನ್ನೇ ಎಲ್ಲ ಅಳತೆಗಳ ತಳರೇಖೆಯಾಗಿ ಸ್ಥಾಪಿಸಿದರು. ಸುಮಾರು 25 ಮಿಲಿಮೀಟರ್ ಉದ್ದದ ಆ ಗೆರೆ ಇಂದಿಗೂ ಜಗತ್ತಿನಾದ್ಯಂತ ಇಂಥ ಶಸ್ತ್ರಚಿಕಿತ್ಸೆಗಳ ಲೆಕ್ಕಾಚಾರಕ್ಕೆ ಆಧಾರವಾಗಿದೆ. ಅದರ ನಡುಬಿಂದುವಿನಿಂದ ಗುರಿ ಎಷ್ಟು ಪಕ್ಕಕ್ಕೆ, ಎಷ್ಟು ಹಿಂದಕ್ಕೆ, ಎಷ್ಟು ಕೆಳಕ್ಕೆ ಇದೆ ಎಂಬುದನ್ನು, ಮೃತರ ಮಿದುಳುಗಳನ್ನು ತೆಳುವಾದ ಹೋಳುಗಳಾಗಿ ಕತ್ತರಿಸಿ ರಚಿಸಿದ ನಕ್ಷೆಪುಸ್ತಕಗಳು ತಿಳಿಸುತ್ತವೆ.

ಸ್ವೀಡನ್ನಿನ ಲಾರ್ಸ್ ಲೆಕ್ಸೆಲ್ 1949ರಲ್ಲಿ ಪ್ರಕಟಿಸಿದ ಚೌಕಟ್ಟಿನ ಸೊಗಸು ಅದರ ಸರಳತೆಯಲ್ಲಿದೆ. ತಲೆಗೆ ಬಿಗಿದ ಚೌಕಟ್ಟಿನ ಮೇಲೆ ಅರ್ಧಚಂದ್ರಾಕಾರದ ಕಮಾನೊಂದನ್ನು ಕೂರಿಸಿ, ಆ ಕಮಾನಿನ ಕೇಂದ್ರಬಿಂದು ಮಿದುಳಿನೊಳಗಿನ ಗುರಿಯ ಮೇಲೆಯೇ ಬೀಳುವಂತೆ ಮೊದಲು ಹೊಂದಿಸುತ್ತಾರೆ. ಆಮೇಲೆ ಸೂಜಿಯನ್ನು ಕಮಾನಿನ ಯಾವ ಜಾಗದಿಂದ ಇಳಿಸಿದರೂ, ಗಾಡಿಚಕ್ರದ ಅಂಚಿನಿಂದ ಹೊರಟ ಪ್ರತಿಯೊಂದು ಕಡ್ಡಿಯೂ ನಡುವನ್ನೇ ಸೇರುವ ಹಾಗೆ, ಅದು ಗುರಿಗೇ ಬಂದು ನಿಲ್ಲುತ್ತದೆ. ಗುರಿಯನ್ನು ನಿಶ್ಚಯಿಸುವುದು ಒಂದು ಕೆಲಸ, ದಾರಿಯನ್ನು ಆಯ್ದುಕೊಳ್ಳುವುದು ಇನ್ನೊಂದು ಕೆಲಸ ಎಂಬ ಈ ವಿಂಗಡಣೆ ಶಸ್ತ್ರವೈದ್ಯರಿಗೆ ದೊಡ್ಡ ಸ್ವಾತಂತ್ರ್ಯವನ್ನು ಕೊಟ್ಟಿತು. ಏಕೆಂದರೆ ಗುರಿಯನ್ನು ಬದಲಿಸದೆಯೇ, ರಕ್ತನಾಳಗಳನ್ನು ತಪ್ಪಿಸುವ ಕೋನವನ್ನು ಹುಡುಕಿಕೊಳ್ಳಲು ಅದು ಅವಕಾಶವಿತ್ತಿತು. ಇದೇ ಕಮಾನಿನ ಮೇಲೆ ಸೂಜಿಯ ಬದಲು ವಿಕಿರಣದ ಕಿರಣಗಳನ್ನು ಹಲವು ದಿಕ್ಕುಗಳಿಂದ ಹರಿಸಿದರೆ ಅವೆಲ್ಲವೂ ಗುರಿಯಲ್ಲಿ ಮಾತ್ರ ಸಂಧಿಸುತ್ತವೆ ಎಂದು 1951ರಲ್ಲಿ ಲೆಕ್ಸೆಲ್ ಮಂಡಿಸಿದ ವಿಚಾರ, 1960ರ ದಶಕದ ಕೊನೆಯಲ್ಲಿ ಗಾಮಾ ನೈಫ್ ಎಂಬ ಯಂತ್ರವಾಗಿ ಸಾಕಾರಗೊಂಡಿತು.

ಭಾರತದಲ್ಲಿ ಈ ಶಾಸ್ತ್ರ ನೆಲೆಯೂರಲು ಕಾರಣರಾದವರಲ್ಲಿ ಮದರಾಸಿನ ಬಿ. ರಾಮಮೂರ್ತಿ ಮತ್ತು ವಿ. ಬಾಲಸುಬ್ರಮಣಿಯಂ ಪ್ರಮುಖರು. ಬೆಂಗಳೂರಿನ ನಿಮ್ಹಾನ್ಸ್‌ನ ಸ್ಥಾಪಕ ನಿರ್ದೇಶಕರಾದ ಆರ್. ಮಾರ್ತಾಂಡ ವರ್ಮ ಅವರು ಕೈಕಾಲು ನಡುಗಿಸುವ ಪಾರ್ಕಿನ್ಸನ್ ಕಾಯಿಲೆಗಾಗಿ ರೂಪಿಸಿದ ಶಸ್ತ್ರಕ್ರಿಯೆ ಅವರ ಹೆಸರಿನಿಂದಲೇ ಪ್ರಸಿದ್ಧವಾಗಿದೆ. ಭಾರಿ ಚೌಕಟ್ಟುಗಳು ಸುಲಭವಾಗಿ ದೊರೆಯದಿದ್ದ ಕಾಲದಲ್ಲಿ, ತಲೆಬುರುಡೆಯ ತಳದಲ್ಲಿ ಸ್ವಾಭಾವಿಕವಾಗಿಯೇ ಇರುವ ರಂಧ್ರವೊಂದರ ಮೂಲಕ ಸೂಜಿಯನ್ನು ಒಳಗೊಯ್ಯುವ ಆ ಕ್ರಮವು, ದೇಹದ ರಚನೆಯನ್ನೇ ಚೌಕಟ್ಟಿನಂತೆ ಬಳಸಿಕೊಂಡ ಧೀಮಂತ ಪ್ರಯತ್ನವಾಗಿತ್ತು.

1960ರ ದಶಕದ ಕೊನೆಯಲ್ಲಿ ಲೆವೊಡೋಪಾ ಎಂಬ ಔಷಧಿ ಬಂದು ಪಾರ್ಕಿನ್ಸನ್ ರೋಗಿಗಳ ಶಸ್ತ್ರಚಿಕಿತ್ಸೆ ತಟ್ಟನೆ ಇಳಿಮುಖವಾಯಿತು, ಅದರೊಂದಿಗೆ ಈ ಶಾಸ್ತ್ರವೂ ಸೊರಗಿತು. ಈ ಶಾಸ್ತ್ರಕ್ಕೆ ಮರುಜೀವ ಕೊಟ್ಟದ್ದು ಗಾಡ್‌ಫ್ರೇ ಹೌನ್ಸ್‌ಫೀಲ್ಡ್ ರೂಪಿಸಿ 1971ರಲ್ಲಿ ಲಂಡನ್ನಿನಲ್ಲಿ ಮೊದಲ ರೋಗಿಯ ಮೇಲೆ ಬಳಸಿದ ಸಿ.ಟಿ. ಸ್ಕ್ಯಾನ್. ಗಾಳಿ ತುಂಬಿಸುವ ಹಿಂಸೆಯಿಲ್ಲದೆ ಗೆಡ್ಡೆಯೇ ನೇರವಾಗಿ ಚಿತ್ರದಲ್ಲಿ ಕಾಣತೊಡಗಿತು. ಆದರೆ ಚಿತ್ರದಲ್ಲಿ ಕಾಣುವ ಬಿಂದುವನ್ನು ತಲೆಗೆ ಬಿಗಿದ ಚೌಕಟ್ಟಿನ ಅಳತೆಗೆ ತರುವುದು ಹೇಗೆ? ಸ್ಕ್ಯಾನ್ ಯಂತ್ರ ತಲೆಯನ್ನು ಯಾವ ಎತ್ತರದಲ್ಲಿ, ಯಾವ ಓರೆಯಲ್ಲಿ ಕತ್ತರಿಸಿ ತೋರಿಸುತ್ತಿದೆ ಎಂಬುದು ಚಪ್ಪಟೆಯಾದ ಆ ಚಿತ್ರದಿಂದ ತಿಳಿಯುವುದಿಲ್ಲ.

ಈ ತೊಡಕನ್ನು 1978ರಲ್ಲಿ ಬಿಡಿಸಿದವರು ಅಮೆರಿಕದ ಯೂಟಾ ವಿಶ್ವವಿದ್ಯಾಲಯದಲ್ಲಿ ಇನ್ನೂ ವೈದ್ಯಕೀಯ ವಿದ್ಯಾರ್ಥಿಯಾಗಿದ್ದ ರಸೆಲ್ ಬ್ರೌನ್. ಅವರ ಉಪಾಯ ಹೈಸ್ಕೂಲಿನ ಸಮರೂಪ ತ್ರಿಭುಜಗಳ ಪಾಠದಷ್ಟೇ ಸರಳವಾದದ್ದು, ಆ ಕಾರಣಕ್ಕೇ ಮೆಚ್ಚಬೇಕಾದದ್ದು. ತಲೆಯ ಪಕ್ಕದಲ್ಲಿ ಎರಡು ಕಡ್ಡಿಗಳನ್ನು ನೆಟ್ಟಗೆ ನಿಲ್ಲಿಸಿ, ಒಂದರ ತುದಿಯಿಂದ ಇನ್ನೊಂದರ ಬುಡಕ್ಕೆ ಮೂರನೆಯ ಕಡ್ಡಿಯನ್ನು ಓರೆಯಾಗಿ ಕೂಡಿಸಿದರೆ ಇಂಗ್ಲಿಷಿನ ಎನ್ ಅಕ್ಷರದ ಆಕಾರ ಬರುತ್ತದೆ. ಸ್ಕ್ಯಾನಿನ ಒಂದು ಹೋಳು ಈ ಮೂರೂ ಕಡ್ಡಿಗಳನ್ನು ಕತ್ತರಿಸುವುದರಿಂದ ಚಿತ್ರದಲ್ಲಿ ಸಾಲಾಗಿ ಮೂರು ಚುಕ್ಕಿಗಳು ಮೂಡುತ್ತವೆ. ಅಂಚಿನ ಎರಡು ಚುಕ್ಕಿಗಳ ಅಂತರದಲ್ಲಿ ನಡುವಿನ ಚುಕ್ಕಿ ಎಷ್ಟನೆಯ ಭಾಗದಲ್ಲಿದೆ ಎಂದು ನೋಡಿದರೆ, ಓರೆಕಡ್ಡಿಯನ್ನು ಹೋಳು ಎಷ್ಟು ಎತ್ತರದಲ್ಲಿ ಕತ್ತರಿಸಿದೆ ಎಂಬುದು ಖಚಿತವಾಗಿ ಸಿಗುತ್ತದೆ. ಇಂಥ ಮೂರು ಎನ್‌ಗಳನ್ನು ತಲೆಯ ಎಡಕ್ಕೆ, ಬಲಕ್ಕೆ ಮತ್ತು ಹಿಂದೆ ಇಟ್ಟಾಗ ಮೂರು ಬಿಂದುಗಳ ನಿಜವಾದ ಸ್ಥಾನ ದೊರೆಯುತ್ತದೆ. ಮೂರು ಬಿಂದುಗಳು ಒಂದು ಸಮತಲವನ್ನು ನಿಶ್ಚಯಿಸುವುದರಿಂದ, ಹೋಳು ಎಷ್ಟೇ ಓರೆಯಾಗಿದ್ದರೂ ಅದರಲ್ಲಿ ಕಾಣುವ ಪ್ರತಿಯೊಂದು ಬಿಂದುವಿಗೂ ಚೌಕಟ್ಟಿನ ಮೂರು ಸಂಖ್ಯೆಗಳನ್ನು ಕೊಡಬಹುದು. ಅಳತೆಯ ಮಾಹಿತಿ ಚಿತ್ರದೊಳಗೇ ಅಡಕವಾಗಿರುವುದರಿಂದ ಸ್ಕ್ಯಾನ್ ಯಂತ್ರದ ಮಂಚ ಒಂದಿಷ್ಟು ಅಲುಗಿದ್ದರೂ ಲೆಕ್ಕ ಕೆಡುವುದಿಲ್ಲ.

ಗುರಿಯಲ್ಲಿ ಎರಡು ಮಿಲಿಮೀಟರಿನ ತಪ್ಪು ಏನು ಮಾಡಬಲ್ಲದು ಎಂಬುದಕ್ಕೆ ಪಾರ್ಕಿನ್ಸನ್ ಕಾಯಿಲೆಯ ಇಂದಿನ ಶಸ್ತ್ರಚಿಕಿತ್ಸೆಯೇ ಸ್ಪಷ್ಟ ನಿದರ್ಶನ. ಫ್ರಾನ್ಸಿನ ಗ್ರೆನೋಬಲ್‌ನಲ್ಲಿ ಅಲಿಂ ಲೂಯಿ ಬೆನಬಿದ್ ಅವರು ನಡುಕವಿದ್ದ ರೋಗಿಗಳ ಥಲಾಮಸ್ ಎಂಬ ಭಾಗದಲ್ಲಿ ಸಣ್ಣ ಜಾಗವೊಂದನ್ನು ಸುಡುವ ಮುನ್ನ, ಸೂಜಿ ಸರಿಯಾದ ಕಡೆ ಇದೆಯೇ ಎಂದು ವಿದ್ಯುತ್ ಹರಿಸಿ ಪರೀಕ್ಷಿಸುತ್ತಿದ್ದರು. ಸೆಕೆಂಡಿಗೆ ನೂರಕ್ಕೂ ಮಿಕ್ಕಿದ ಮಿಡಿತಗಳನ್ನು ಕೊಟ್ಟಾಗ ಸುಡದೆಯೇ ನಡುಕ ನಿಲ್ಲುವುದನ್ನು ಕಂಡು, 1987ರಲ್ಲಿ ವಿದ್ಯುತ್ ಹರಿಸುವ ತಂತಿಯೊಂದನ್ನು ಅಲ್ಲಿಯೇ ಶಾಶ್ವತವಾಗಿ ಉಳಿಸುವ ಚಿಕಿತ್ಸೆಗೆ ನಾಂದಿ ಹಾಡಿದರು. ಗುರಿಯನ್ನು ಖಚಿತಪಡಿಸಿಕೊಳ್ಳುವ ಪರೀಕ್ಷೆಯೇ ಹೀಗೆ ಚಿಕಿತ್ಸೆಯಾಗಿ ಮಾರ್ಪಟ್ಟಿತು. ಈಗ ಹೆಚ್ಚಾಗಿ ಆಯ್ದುಕೊಳ್ಳುವ ಗುರಿ ಸಬ್‌ಥಲಾಮಿಕ್ ನ್ಯೂಕ್ಲಿಯಸ್ ಎಂಬ, ಕೆಲವೇ ಮಿಲಿಮೀಟರ್ ದಪ್ಪದ ನರಕೋಶಗಳ ಗುಂಪು. ತಲೈರಾಕ್ ರೇಖೆಯ ನಡುಬಿಂದುವಿನಿಂದ ಸುಮಾರು 12 ಮಿಲಿಮೀಟರ್ ಪಕ್ಕಕ್ಕೆ, ಮೂರು ನಾಲ್ಕು ಮಿಲಿಮೀಟರ್ ಹಿಂದಕ್ಕೆ ಮತ್ತು ಕೆಳಕ್ಕೆ ಅದು ಸಿಗುತ್ತದೆ. ಅದರಲ್ಲಿ ಇಳಿಸುವ ತಂತಿಯ ವ್ಯಾಸ ಒಂದೂಕಾಲು ಮಿಲಿಮೀಟರಿನಷ್ಟು. ತಂತಿ ತುಸು ಹೊರಪಕ್ಕಕ್ಕೆ ಜರುಗಿದರೆ ಚಲನೆಯ ಆಜ್ಞೆಗಳನ್ನು ಒಯ್ಯುವ ನರಮಾರ್ಗಕ್ಕೆ ವಿದ್ಯುತ್ ತಗುಲಿ ಮುಖವೂ ಕೈಯೂ ಸೆಟೆದುಕೊಳ್ಳುತ್ತವೆ, ಹಿಂದಕ್ಕೆ ಜರುಗಿದರೆ ಮೈಯಲ್ಲಿ ಜುಮ್ಮುಗಟ್ಟುತ್ತದೆ, ಒಳಪಕ್ಕಕ್ಕೆ ಜರುಗಿದರೆ ಕಣ್ಣಿನ ಗುಡ್ಡೆ ತನ್ನಷ್ಟಕ್ಕೆ ವಾಲುತ್ತದೆ.

ಆದಕಾರಣ ಅನೇಕ ಆಸ್ಪತ್ರೆಗಳಲ್ಲಿ ಈ ಶಸ್ತ್ರಕ್ರಿಯೆಯ ಮುಖ್ಯ ಭಾಗವನ್ನು ರೋಗಿ ಎಚ್ಚರವಾಗಿರುವಾಗಲೇ ನಡೆಸುತ್ತಾರೆ. ಮಿದುಳಿಗೆ ಸ್ವತಃ ನೋವಿನ ಅರಿವಿಲ್ಲವಾದ್ದರಿಂದ ಚರ್ಮಕ್ಕೆ ಮಾತ್ರ ಅರಿವಳಿಕೆ ಸಾಕಾಗುತ್ತದೆ. 1960ರ ದಶಕದ ಆರಂಭದಲ್ಲಿ ಪ್ಯಾರಿಸ್ಸಿನ ಡೆನಿಸ್ ಆಲ್ಬ್-ಫೆಸಾರ್ ಮತ್ತು ಜೆರಾರ್ ಗಿಯೋ ರೂಢಿಗೆ ತಂದ ಕ್ರಮದಂತೆ, ಕೂದಲಿಗಿಂತ ತೆಳುವಾದ ತುದಿಯುಳ್ಳ ವಿದ್ಯುದ್ವಾರವನ್ನು ಹಂತಹಂತವಾಗಿ ಇಳಿಸುತ್ತ, ಒಂದೊಂದು ನರಕೋಶದ ಮಿಡಿತವನ್ನು ಧ್ವನಿಯಾಗಿ ಪರಿವರ್ತಿಸಿ ಆಲಿಸುತ್ತಾರೆ. ಸಬ್‌ಥಲಾಮಿಕ್ ನ್ಯೂಕ್ಲಿಯಸ್ ಬಂದೊಡನೆ ಆ ಸದ್ದು ದಟ್ಟವೂ ಬಿರುಸೂ ಆಗುತ್ತದೆ. ರೋಗಿಗೆ ಬೆರಳು ಆಡಿಸಲು, ಮಾತಾಡಲು ಹೇಳಿ ನಡುಕ ತಗ್ಗಿತೇ, ನಾಲಿಗೆ ತೊಡರಿತೇ ಎಂದು ಗಮನಿಸುತ್ತಾರೆ. ನಕ್ಷೆ ಸರಾಸರಿ ಮನುಷ್ಯನದು. ಮಂಚದ ಮೇಲಿರುವ ವ್ಯಕ್ತಿ ಸರಾಸರಿಯಲ್ಲ. ಗಂಟೆಗಟ್ಟಲೆ ಅಲುಗಾಡದೆ ಮಲಗಿ, ತನ್ನ ಗುರಿಯನ್ನು ತಾನೇ ದೃಢಪಡಿಸಿಕೊಡುವ ಆ ರೋಗಿಯ ಧೈರ್ಯಕ್ಕೆ ಈ ಚರಿತ್ರೆಯಲ್ಲಿ ಸಲ್ಲಬೇಕಾದಷ್ಟು ಮನ್ನಣೆ ಸಂದಿಲ್ಲ.

ಚೌಕಟ್ಟಿನ ಮೊಳೆಗಳು ತಲೆಬುರುಡೆಗೆ ಕಚ್ಚಿರಬೇಕಾದ ತೊಂದರೆಯನ್ನು ಕಡಿಮೆ ಮಾಡಲು 1980ರ ದಶಕದ ನಡುವಿನಿಂದ ನ್ಯೂರೋನ್ಯಾವಿಗೇಶನ್ ಎಂಬ ಇನ್ನೊಂದು ದಾರಿ ಬೆಳೆಯಿತು. ಅಮೆರಿಕದ ಡೇವಿಡ್ ರಾಬರ್ಟ್ಸ್ ಶಸ್ತ್ರಚಿಕಿತ್ಸೆಯ ಸೂಕ್ಷ್ಮದರ್ಶಕವನ್ನೂ, ಜಪಾನಿನ ಐಜು ವತನಬೆ ಕೀಲುಗಳುಳ್ಳ ತೋಳೊಂದನ್ನೂ ಸ್ಕ್ಯಾನ್ ಚಿತ್ರಗಳೊಂದಿಗೆ ಜೋಡಿಸಿದರು. ಇಂದಿನ ಯಂತ್ರಗಳಲ್ಲಿ ಅವಕೆಂಪು ಕಿರಣದ ಕ್ಯಾಮೆರಾಗಳು ಉಪಕರಣಕ್ಕೆ ಅಂಟಿಸಿದ ಹೊಳೆಯುವ ಗುಂಡುಗಳನ್ನು ಸತತವಾಗಿ ನೋಡುತ್ತ, ಅದರ ತುದಿ ಈ ಕ್ಷಣ ಮಿದುಳಿನಲ್ಲಿ ಎಲ್ಲಿದೆ ಎಂದು ಪರದೆಯ ಮೇಲೆ ತೋರಿಸುತ್ತವೆ. ಇದಕ್ಕೆ ಮೊದಲು ಮೂಗಿನ ಬುಡ, ಕಣ್ಣಿನ ಅಂಚು, ಚರ್ಮಕ್ಕೆ ಅಂಟಿಸಿದ ಗುರುತುಗಳು ಮುಂತಾದವನ್ನು ಮುಟ್ಟಿ, ನಿಜವಾದ ತಲೆಯನ್ನೂ ಚಿತ್ರದ ತಲೆಯನ್ನೂ ಒಂದಕ್ಕೊಂದು ತಾಳೆ ಮಾಡಬೇಕಾಗುತ್ತದೆ.

ಆದರೆ ಇಲ್ಲೊಂದು ಮೂಲಭೂತ ಅಡಚಣೆಯಿದೆ. ಸ್ಕ್ಯಾನ್ ತೆಗೆದದ್ದು ಶಸ್ತ್ರಚಿಕಿತ್ಸೆಗೆ ಮುಂಚೆ. ದೊಡ್ಡ ಗೆಡ್ಡೆಯನ್ನು ತೆಗೆಯಲು ತಲೆಬುರುಡೆಯ ತುಂಡನ್ನು ಎತ್ತಿ ಮಿದುಳಿನ ಹೊದಿಕೆಯನ್ನು ತೆರೆದೊಡನೆ ಸುತ್ತಲಿನ ದ್ರವ ಸೋರಿ, ಗುರುತ್ವದ ಎಳೆತಕ್ಕೆ ಮಿದುಳು ಕುಸಿಯುತ್ತದೆ, ಗೆಡ್ಡೆ ಖಾಲಿಯಾದಂತೆ ಇನ್ನಷ್ಟು ಒಳಸರಿಯುತ್ತದೆ. ಈ ಜರುಗುವಿಕೆ ಕೆಲವೊಮ್ಮೆ ಒಂದು ಸೆಂಟಿಮೀಟರನ್ನೂ ಮೀರುತ್ತದೆ. ಪರದೆ ಮಾತ್ರ ಹಳೆಯ ಚಿತ್ರವನ್ನೇ ಅಷ್ಟೇ ಸ್ಫುಟವಾಗಿ ತೋರಿಸುತ್ತಿರುತ್ತದೆ, ಮತ್ತು ಆ ಸ್ಫುಟತೆಯನ್ನೇ ನಿಖರತೆಯೆಂದು ಭಾವಿಸುವುದು ಅಪಾಯಕಾರಿ. ಶಸ್ತ್ರಚಿಕಿತ್ಸೆಯ ನಡುವೆಯೇ ಮತ್ತೆ ಚಿತ್ರ ತೆಗೆಯುವ ಎಂ.ಆರ್.ಐ. ವ್ಯವಸ್ಥೆ 1990ರ ದಶಕದಲ್ಲಿ ಬಾಸ್ಟನ್ನಿನಲ್ಲಿ ಆರಂಭವಾದದ್ದು ಈ ಕಾರಣಕ್ಕಾಗಿಯೇ. ಅದರ ವೆಚ್ಚ ಭರಿಸಲಾಗದ ಕಡೆ ಅಲ್ಟ್ರಾಸೌಂಡ್ ಬಳಸಿ ನಕ್ಷೆಯನ್ನು ತಿದ್ದಿಕೊಳ್ಳುತ್ತಾರೆ. ಕಿರಿದಾದ ರಂಧ್ರದ ಮೂಲಕ ನಡೆಯುವ ಬಯಾಪ್ಸಿಯಲ್ಲಿ, ಅಂದರೆ ಪರೀಕ್ಷೆಗಾಗಿ ಅಂಗಾಂಶದ ಚೂರನ್ನು ತೆಗೆಯುವಲ್ಲಿ, ದ್ರವ ಅಷ್ಟು ಸೋರುವುದಿಲ್ಲವಾದ್ದರಿಂದ ಹಳೆಯ ಚಿತ್ರವನ್ನು ಹೆಚ್ಚು ನಂಬಬಹುದು.

1985ರಲ್ಲಿ ಕ್ಯಾಲಿಫೋರ್ನಿಯಾದ ಲಾಂಗ್ ಬೀಚ್‌ನಲ್ಲಿ ಇಂಥ ಬಯಾಪ್ಸಿಗಾಗಿ ಕಾರ್ಖಾನೆಯ ರೋಬಾಟ್ ತೋಳೊಂದನ್ನು ಬಳಸಲಾಯಿತು. ಅಪಸ್ಮಾರದ ಮೂಲವನ್ನು ಹುಡುಕಲು ಒಬ್ಬರೇ ರೋಗಿಯ ಮಿದುಳಿಗೆ ಹತ್ತು ಹದಿನೈದು ವಿದ್ಯುದ್ವಾರಗಳನ್ನು ಬೇರೆ ಬೇರೆ ಕೋನಗಳಲ್ಲಿ ಇಳಿಸಬೇಕಾದಾಗ ರೋಬಾಟ್ ಈಗ ನಿಜವಾಗಿ ನೆರವಾಗುತ್ತಿದೆ, ಏಕೆಂದರೆ ಪ್ರತಿಯೊಂದಕ್ಕೂ ಕಮಾನನ್ನು ಕೈಯಿಂದ ಹೊಂದಿಸುವಲ್ಲಿ ದಣಿದ ಕಣ್ಣು ಸಂಖ್ಯೆಯನ್ನು ತಪ್ಪಾಗಿ ಓದುವ ಸಂಭವವಿರುತ್ತದೆ. ಆದರೂ ಎಲ್ಲಿ ರಕ್ತನಾಳವಿದೆ, ಯಾವ ದಾರಿ ಸುರಕ್ಷಿತ ಎಂಬ ನಿರ್ಣಯ ವೈದ್ಯರದೇ. ದಾರಿಯಲ್ಲಿ ನಾಳವೊಂದು ಹರಿದು ರಕ್ತಸ್ರಾವವಾದರೆ ಮುಟ್ಟಿದ ಗುರಿ ಸರಿಯಾಗಿದ್ದೂ ರೋಗಿಗೆ ಪಾರ್ಶ್ವವಾಯು ಬಡಿಯಬಹುದು. ಹೀಗಾಗಿ ಒಬ್ಬರು ಹೊಂದಿಸಿದ ಮೂರು ಸಂಖ್ಯೆಗಳನ್ನು ಇನ್ನೊಬ್ಬರು ಗಟ್ಟಿಯಾಗಿ ಓದಿ ಸರಿನೋಡುವ ರೂಢಿಯನ್ನು ಎಚ್ಚರದ ತಂಡಗಳು ಪಾಲಿಸುತ್ತವೆ. ತಂತಿ ನೆಟ್ಟಾದ ಮೇಲೂ ಮತ್ತೊಮ್ಮೆ ಸ್ಕ್ಯಾನ್ ಮಾಡಿ, ಮೊದಲಿನ ಯೋಜನೆಯ ಚಿತ್ರದ ಮೇಲೆ ಅದನ್ನು ಹೊಂದಿಸಿ, ಉದ್ದೇಶಿಸಿದ ಬಿಂದುವಿಗೂ ತಂತಿಯ ತುದಿಗೂ ನಡುವೆ ಉಳಿದ ಅಂತರವನ್ನು ಮಿಲಿಮೀಟರಿನ ಭಾಗಗಳಲ್ಲಿ ಅಳೆದು ಬರೆದಿಡುತ್ತಾರೆ. ಮುಂದಿನ ರೋಗಿಯ ಲೆಕ್ಕಾಚಾರ ಆರಂಭವಾಗುವಾಗ ಆ ದಾಖಲೆ ವೈದ್ಯರ ಮುಂದಿರುತ್ತದೆ.