ಕಾಣದ ದಣಿವು

ಕಲಬುರಗಿ ಜಿಲ್ಲೆಯ ಆಳಂದ, ಅಫಜಲಪುರ ಮತ್ತು ಜೇವರ್ಗಿ ತಾಲ್ಲೂಕುಗಳು ತೊಗರಿ ಬೆಳೆಯುವ ನಾಡು. ಇಲ್ಲಿಯ ಕಪ್ಪುಮಣ್ಣಿನ ಹೊಲಗಳಲ್ಲಿ ಹಗಲೆಲ್ಲ ದುಡಿದವರು ಸಂಜೆಗೆ ದಣಿಯುವುದು ಸಹಜ. ರಾತ್ರಿಯ ನಿದ್ರೆ ಆ ದಣಿವನ್ನು ಕಳೆಯುತ್ತದೆ. ಆದರೆ ನಿದ್ರೆಗೂ ವಿಶ್ರಾಂತಿಗೂ ಜಗ್ಗದ ದಣಿವೂ ಉಂಟು. ಪಾರ್ಕಿನ್ಸನ್ ರೋಗದ ದಣಿವು ಅಂತಹದು.

1817ರಲ್ಲಿ ಲಂಡನ್ನಿನ ವೈದ್ಯ ಜೇಮ್ಸ್ ಪಾರ್ಕಿನ್ಸನ್ ಈ ರೋಗವನ್ನು ಕುರಿತು ಪ್ರಬಂಧವೊಂದನ್ನು ಪ್ರಕಟಿಸಿದನು. ಇದನ್ನು ಹೋಲುವ ವ್ಯಾಧಿಯನ್ನು ಆಯುರ್ವೇದವು ಕಂಪವಾತವೆಂದು ಕರೆದಿದೆ. ನಡುಮೆದುಳಿನ ಕೆಲವು ನರಕೋಶಗಳು ಡೋಪಮಿನ್ ಎಂಬ ರಾಸಾಯನಿಕವನ್ನು ಉತ್ಪಾದಿಸುತ್ತವೆ. ನಮ್ಮ ಚಲನೆ ಹದವಾಗಿರಲು ಇದು ಅವಶ್ಯಕ. ಈ ಕೋಶಗಳು ಕ್ರಮೇಣ ನಾಶವಾದಂತೆ ಕೈ ನಡುಗುತ್ತದೆ, ಸ್ನಾಯುಗಳು ಬಿಗಿಯುತ್ತವೆ, ನಡಿಗೆ ನಿಧಾನವಾಗುತ್ತದೆ.

ಇವು ಕಣ್ಣಿಗೆ ಕಾಣುವ ಲಕ್ಷಣಗಳು, ದಣಿವು ಕಾಣದು. ಆದರೂ ರೋಗಿಗಳಲ್ಲಿ ಸುಮಾರು ಅರ್ಧದಷ್ಟು ಮಂದಿಯನ್ನು ಅದು ಬಾಧಿಸುತ್ತದೆ. ಕೆಲವರಲ್ಲಿ ನಡುಕಕ್ಕಿಂತ ಮೊದಲೇ ತಲೆದೋರುತ್ತದೆ. ಅದಕ್ಕೆ ಕಾರಣ ಒಂದೇ ಅಲ್ಲ. ಮೆದುಳಿನ ರಾಸಾಯನಿಕಗಳ ಏರುಪೇರು, ನಿದ್ರಾಭಂಗ, ಖಿನ್ನತೆ, ಕೆಲವು ಔಷಧಿಗಳ ಪರಿಣಾಮ ಇವೆಲ್ಲ ಸೇರಿ ರೋಗಿಯ ಶಕ್ತಿಯನ್ನು ಕುಗ್ಗಿಸಬಹುದು.

ದುಡಿಮೆಯಿಂದಲೇ ಮನುಷ್ಯನನ್ನು ಅಳೆಯುವ ಕಡೆ ಇಂತಹ ರೋಗಿಯ ಪಾಡು ಕಷ್ಟಕರ. ಹೊಲಕ್ಕೆ ಹೋಗಲಾರದವನನ್ನು ಮೈಗಳ್ಳನೆಂದು ಜರೆಯುವವರುಂಟು. ವಯಸ್ಸಾಯಿತೆಂದು ಸುಮ್ಮನಾಗುವವರೂ ಉಂಟು. ಮೊದಲನೆಯದು ಅನ್ಯಾಯ, ಎರಡನೆಯದರಿಂದ ಚಿಕಿತ್ಸೆ ತಡವಾಗುತ್ತದೆ.

ಹಾಗೆಂದು ದಣಿದವರೆಲ್ಲರಿಗೂ ಈ ರೋಗವಿದೆಯೆಂದು ಭಾವಿಸಬಾರದು. ರಕ್ತಹೀನತೆ, ಮಧುಮೇಹ, ಥೈರಾಯಿಡ್ ಗ್ರಂಥಿಯ ದೋಷಗಳೂ ದಣಿವನ್ನು ತರುತ್ತವೆ. ಯಾವುದೆಂದು ವೈದ್ಯರು ಪರೀಕ್ಷಿಸಿಯೇ ನಿರ್ಣಯಿಸಬೇಕು.

ಪಾರ್ಕಿನ್ಸನ್ ರೋಗಕ್ಕೆ ಲೆವೊಡೋಪ ಮುಖ್ಯ ಔಷಧಿ. 1937ರಲ್ಲಿ ಮದರಾಸಿನ ದಾಮೋದರನ್ ಮತ್ತು ರಾಮಸ್ವಾಮಿ ಎಂಬ ವಿಜ್ಞಾನಿಗಳು ನಮ್ಮ ಬೇಲಿಗಳಲ್ಲಿ ಹಬ್ಬುವ ನಸುಗುನ್ನಿಯ ಬೀಜದಿಂದ ಈ ವಸ್ತುವನ್ನು ಬೇರ್ಪಡಿಸಿದರು. ಆದರೆ ಆ ಬೀಜವನ್ನು ತಾವಾಗಿಯೇ ಸೇವಿಸುವುದು ಅಪಾಯಕರ. ಲೆವೊಡೋಪ ಚಲನೆಯನ್ನು ಸುಧಾರಿಸುತ್ತದೆ. ದಣಿವನ್ನು ಪೂರ್ಣವಾಗಿ ಕಳೆಯುವುದೆಂಬ ಭರವಸೆಯಿಲ್ಲ. ಶಕ್ತಿಗೆ ತಕ್ಕ ನಿತ್ಯ ವ್ಯಾಯಾಮ, ಒಳ್ಳೆಯ ನಿದ್ರೆ, ಮೈ ಹಗುರವಾಗಿರುವ ಹೊತ್ತಿಗೆ ಮುಖ್ಯ ಕೆಲಸವನ್ನಿಟ್ಟುಕೊಳ್ಳುವುದು ಇವು ನೆರವಾಗುತ್ತವೆ.

ಇದಕ್ಕೆ ಮನೆಯವರ ಸಹಕಾರ ಬೇಕು. ಅಜ್ಜನೋ ಅಜ್ಜಿಯೋ "ಸುಸ್ತಾಗಿದೆ" ಎಂದಾಗ ಅದನ್ನು ನಂಬುವುದೇ ಆ ಸಹಕಾರದ ಮೊದಲ ಹೆಜ್ಜೆ.